ವ್ಯಾನ್ ವ್ರ್ಯಾಪ್ ತಗ್ಗಿನ ಜಾಗದಲ್ಲೇ ಎದ್ದು ಬರ್ತಿದೆ, ತಪ್ಪು ಫಿಲ್ಮ್‌ದಾ ಇಂಕ್‌ದಾ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಬೋರ್ಡು, ಸ್ಟಿಕ್ಕರ್ ಕೆಲಸದ ಜೊತೆ ವೆಹಿಕಲ್ ವ್ರ್ಯಾಪೂ (ಗಾಡಿ ಮೈಗೆ ಪ್ರಿಂಟ್ ಮಾಡಿದ ಫಿಲ್ಮ್ ಅಂಟಿಸೋದು) ಮಾಡ್ತಿದೀವಿ. ಒಂದು ವ್ಯಾನ್‌ನಲ್ಲಿ ಸಪಾಟು ಜಾಗ ಎಲ್ಲಾ ಚೆನ್ನಾಗಿ ಕೂತಿದೆ, ಆದ್ರೆ ಸೈಡಲ್ಲಿ ಬಾಡಿ ಒಳಗೆ ತಗ್ಗಾಗಿ ಹೋಗುತ್ತಲ್ಲ, ಅಲ್ಲಿ ಸ್ವಲ್ಪ ದಿನಕ್ಕೇ ಫಿಲ್ಮ್ ಮೇಲೆದ್ದು ಟೊಳ್ಳಾಗಿದೆ, ಬಾಗಿಲಿನ ಅಂಚಲ್ಲೂ ಸುರುಳಿ ಬರ್ತಿದೆ. ಪ್ರಿಂಟ್ ಇಕೋ ಸಾಲ್ವೆಂಟ್ (ದ್ರಾವಕ ಇರೋ ಇಂಕ್), ಫಿಲ್ಮ್ ಪಾಲಿಮೆರಿಕ್ (ಒಂದು ಬಗೆಯ ವಿನೈಲ್), ಮೇಲೆ ಗ್ಲಾಸಿ ಲ್ಯಾಮಿನೇಷನ್, ಅಂದ್ರೆ ಪ್ರಿಂಟ್ ಕಾಪಾಡೋ ಹೊಳೆಯೋ ಪಾರದರ್ಶಕ ಪದರ. ಕಸ್ಟಮರ್‌ಗೆ ಅರ್ಜೆಂಟ್ ಇತ್ತು, ಹಾಗಾಗಿ ಪ್ರಿಂಟ್ ಆದ ದಿನವೇ ಲ್ಯಾಮಿನೇಟ್ ಮಾಡಿ ಹಾಕಿದ್ದು. ಈಗ ಅವರು ಫ್ರೀಯಾಗಿ ಮತ್ತೆ ಮಾಡ್ಕೊಡಿ ಅಂತಿದಾರೆ. ಮತ್ತೆ ಮಾಡೋಕೆ ಬೇಜಾರಿಲ್ಲ, ಮತ್ತೆ ಅದೇ ಆಗಬಾರದು ಅಷ್ಟೇ. ಯಾರಾದ್ರೂ ದಾರಿ ಹೇಳಿ.

ಉತ್ತರ 1:
ಅಣ್ಣ, ನೀವೇ ಎರಡು ಕಾರಣ ಬರೆದುಬಿಟ್ಟಿದೀರ, ಪಾಲಿಮೆರಿಕ್ ಫಿಲ್ಮ್ ಮತ್ತೆ ಅದೇ ದಿನದ ಲ್ಯಾಮಿನೇಷನ್. ಮೊದಲನೇದು ಫಿಲ್ಮ್. ಪಾಲಿಮೆರಿಕ್ ಅಂದ್ರೂ ಅದು ಕ್ಯಾಲೆಂಡರ್ಡೇ, ಬಿಸಿ ರೋಲರ್‌ಗಳ ಮಧ್ಯೆ ಒತ್ತಿ ಎಳೆದು ಮಾಡಿರೋದು, ಹಾಗಾಗಿ ಬಿಸಿಲು ಬಿದ್ದಾಗ ಹಳೇ ಆಕಾರಕ್ಕೆ ಕುಗ್ಗೋಕೆ ನೋಡುತ್ತೆ. ಆಳವಾದ ತಗ್ಗಿಗೆ ಎಳೆದು ಕೂರಿಸಿದ್ರೆ ಎದ್ದೇ ಏಳುತ್ತೆ. ಕಾಸ್ಟ್ ಫಿಲ್ಮನ್ನ ದ್ರವದ ಥರ ಸುರಿದು ಒಣಗಿಸಿರ್ತಾರೆ, ಎಳೆತ ಕಮ್ಮಿ, ದಪ್ಪವೂ ಸುಮಾರು 50 ಮೈಕ್ರಾನ್ ಅಷ್ಟೇ. ಫುಲ್ ವ್ರ್ಯಾಪ್‌ಗೆ ಅದೇ ತಗೊಳ್ಳಿ, ಲ್ಯಾಮಿನೇಟೂ ಕಾಸ್ಟೇ ಇರಲಿ. ಕೆಳಗೆ ಕಾಸ್ಟ್ ಹಾಕಿ ಮೇಲೆ ಕ್ಯಾಲೆಂಡರ್ಡ್ ಲ್ಯಾಮಿನೇಟ್ ಹಾಕಿದ್ರೆ ಮೇಲಿಂದು ಕೆಳಗಿಂದನ್ನೂ ಎಳ್ಕೊಂಡು ಬರುತ್ತೆ, ದುಡ್ಡು ಕೊಟ್ಟಿದ್ದೂ ವೇಸ್ಟು. ಪಾಲಿಮೆರಿಕ್ ಸಪಾಟು ಬೋರ್ಡಿಗೆ, ಗಾಜಿಗೆ, ಚಿಕ್ಕ ಕರ್ವಿಗೆ ಒಳ್ಳೇದು, ಅಲ್ಲಿಗೆ ಬಳಸಿ.

ಉತ್ತರ 2:
ಮೇಲಿನವರು ಹೇಳಿದ್ದು ಸರಿ, ಆದ್ರೆ ಫಿಲ್ಮ್ ಬದಲಾಯಿಸಿ ಲ್ಯಾಮಿನೇಷನ್ ಅದೇ ದಿನ ಮಾಡಿದ್ರೆ ಮತ್ತೆ ತೊಂದ್ರೆ ಗ್ಯಾರಂಟಿ. ಸಾಲ್ವೆಂಟ್ ಇಂಕ್ ಮುಟ್ಟಿದ್ರೆ ಒಣಗಿರುತ್ತೆ, ಒಳಗೆ ಸಾಲ್ವೆಂಟ್ ಹಾಗೇ ಇರುತ್ತೆ. ಲ್ಯಾಮಿನೇಟ್ ಮುಚ್ಚಿದ್ಮೇಲೆ ಮೇಲೆ ಹೋಗೋಕೆ ದಾರಿಯಿಲ್ದೆ ಕೆಳಗೆ ಇಳಿದು ವಿನೈಲ್ ಮತ್ತೆ ಗಮ್ ಎರಡನ್ನೂ ಮೆತ್ತಗೆ ಮಾಡುತ್ತೆ, ಆಮೇಲೆ ಅಂಚು ಸುರುಳಿ ಬರೋದು. ಕಮ್ಮಿ ಅಂದ್ರೂ 24 ಗಂಟೆ ಬಿಡಿ, ಕಡು ಬಣ್ಣ ತುಂಬಿದ್ರೆ 48. ಬಿಡೋದು ಅಂದ್ರೆ ರೋಲ್ ಬಿಗಿಯಾಗಿ ಸುತ್ತಿ ಮೂಲೇಲಿ ಇಡೋದಲ್ಲ, ಹಾಗೆ ಸುತ್ತಿದ್ರೆ ಒಳಗಿನ ಸುತ್ತಿಗೆ ಗಾಳಿನೇ ಹೋಗಲ್ಲ. ನೇತು ಹಾಕಿ, ಇಲ್ಲಾ ಸಡಿಲವಾಗಿ ಸುತ್ತಿ ನಿಲ್ಲಿಸಿ, ಫ್ಯಾನ್ ಹಾಕಿ. ಮೂಗಿನ ಹತ್ರ ಹಿಡಿದಾಗ ಇಂಕ್ ವಾಸನೆ ಹೊಡೀತಿದ್ರೆ ಇನ್ನೂ ಆಗಿಲ್ಲ ಅಂತ. ಅರ್ಜೆಂಟ್ ಕೆಲಸಾನೇ ಜಾಸ್ತಿ ಬರುತ್ತೆ ಅಂದ್ರೆ ಲೇಟೆಕ್ಸ್ ಪ್ರಿಂಟರ್ (ನೀರು ಆಧಾರಿತ ಇಂಕನ್ನ ಬಿಸಿ ಕೊಟ್ಟು ಒಣಗಿಸೋದು) ನೋಡಿ, ಅದರಲ್ಲಿ ಪ್ರಿಂಟ್ ಪೂರ್ತಿ ಒಣಗೇ ಹೊರಗೆ ಬರುತ್ತೆ, ಕಾಯೋ ಗೋಳಿಲ್ಲ. ಯುವಿ ಇಂಕಿಗೂ (ಯುವಿ ಬೆಳಕಲ್ಲಿ ತಕ್ಷಣ ಗಟ್ಟಿಯಾಗೋದು) ಕಾಯಬೇಕಿಲ್ಲ, ಆದ್ರೆ ಗಟ್ಟಿ ಯುವಿ ಇಂಕ್ ಎಳೆದಾಗ ಬಿರುಕು ಬಿಡುತ್ತೆ, ವ್ರ್ಯಾಪಿಗೆ ಹುಷಾರು.

ಉತ್ತರ 3:
ಇನ್‌ಸ್ಟಾಲ್ ಬಗ್ಗೆ ನಾನ್ ಹೇಳ್ತೀನಿ. ತಗ್ಗಿನ ಜಾಗನ ಮೊದಲು ನೀರು ಸೋಪಲ್ಲಿ ತೊಳೆದು, ಆಮೇಲೆ ಐಪಿಎ (ಐಸೊಪ್ರೊಪೈಲ್ ಆಲ್ಕೋಹಾಲ್) ಹಾಕಿ, ಒಣಗೋ ಮೊದಲೇ ಇನ್ನೊಂದು ಒಣ ಬಟ್ಟೇಲಿ ಒರೆಸಿ. ಬಾಗಿಲಿನ ರಬ್ಬರ್ ಪಕ್ಕ, ಹ್ಯಾಂಡಲ್ ಕೆಳಗೆ ಪಾಲಿಷ್ ಉಳ್ಕೊಂಡಿರುತ್ತೆ, ಅಂಚು ಏಳೋದು ಅಲ್ಲಿಂದಾನೇ. ಫಿಲ್ಮ್ ತಣ್ಣಗಿದ್ದಾಗ ಗುಂಡೀಗೆ ತುರುಕಬೇಡಿ, ಹೀಟ್ ಗನ್ ಹಿಡಿದು ಮೆತ್ತಗಾದ್ಮೇಲೆ ನಿಧಾನ ಒಳಗೆ ಒತ್ತಿ. ಎಲ್ಲಾ ಆದ್ಮೇಲೆ ಎಳೆದಿರೋ ಜಾಗಕ್ಕೆಲ್ಲಾ ಪೋಸ್ಟ್ ಹೀಟ್ (ಅಂಟಿಸಿದ್ಮೇಲೆ ಮತ್ತೆ ಬಿಸಿ) ಕೊಡಿ, ಕಾಸ್ಟ್ ಫಿಲ್ಮಿಗೆ ಸಾಮಾನ್ಯವಾಗಿ 90 ಡಿಗ್ರಿ ಸೆಲ್ಸಿಯಸ್ ಮೇಲೆ ಹೋಗಬೇಕು, ಸರಿಯಾದ ಅಂಕಿ ಆ ಫಿಲ್ಮಿನ ಡೇಟಾ ಶೀಟಲ್ಲಿ ಇರುತ್ತೆ. ಕೈ ಇಟ್ಟು ಬಿಸಿ ಇದೆ ಅನ್ನೋದು ಲೆಕ್ಕಕ್ಕಿಲ್ಲ, ಇನ್ಫ್ರಾರೆಡ್ ಥರ್ಮಾಮೀಟರ್ ಒಂದು ತಗೊಳ್ಳಿ. ತುಂಬಾ ಆಳ ಇದ್ರೆ ಗುಂಡಿಗೆ ಬೇರೆ ಪೀಸ್ ಕತ್ತರಿಸಿ ಹಾಕಿ, ಜಾಯಿಂಟ್ ಸ್ವಲ್ಪ ಕಂಡ್ರೂ ಏಳೋದಕ್ಕಿಂತ ವಾಸಿ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಆದ್ರೆ ಕಸ್ಟಮರ್ ನಾಳೆನೇ ಬೇಕು ಅಂದಾಗ ಏನ್ ಹೇಳ್ತೀರ?

ಉತ್ತರ 2:
ಡಿಸೈನ್ ಓಕೆ ಮಾಡಿಸೋ ಪೇಪರಲ್ಲೇ ಬರೀರಿ: ಓಕೆ ಆದ್ಮೇಲೆ ಪ್ರಿಂಟ್‌ಗೆ ಒಂದು ದಿನ, ಒಣಗೋಕೆ ಒಂದೆರಡು ದಿನ, ಆಮೇಲೆ ಹಾಕೋಕೆ ಗಾಡಿ ನಮ್ಮ ಹತ್ರ ಬಿಡಬೇಕು. ಸೈನ್ ಮತ್ತೆ ಅಡ್ವಾನ್ಸ್ ತಗೊಂಡೇ ರೋಲ್ ಲೋಡ್ ಮಾಡಿ. ಹಾಕಿದ್ಮೇಲೆ ಕೆಲವು ದಿನ ತೊಳೀಬೇಡಿ, ಪ್ರೆಶರ್ ವಾಷರ್ ಅಂಚಿಗೆ ಹಿಡೀಬೇಡಿ ಅಂತಾನೂ ಅದರಲ್ಲೇ ಇರಲಿ. ಎರಡು ದಿನ ಕಾಯೋಕಾಗಲ್ಲ ಅಂದವರಿಗೆ ಬಾಗಿಲ ಮೇಲೆ ಬರೀ ಕಟ್ ವಿನೈಲ್ (ಬಣ್ಣದ ಫಿಲ್ಮನ್ನೇ ಕತ್ತರಿಸಿದ) ಅಕ್ಷರ ಹಾಕ್ಕೊಡಿ, ಅದರಲ್ಲಿ ಇಂಕೇ ಇಲ್ಲ, ಅವತ್ತೇ ಮುಗಿಯುತ್ತೆ.