ಅಪ್‌ಡೇಟ್: ಈಸ್ಟರ್ ಆದ ಮೇಲೂ ನಡಿಗೆ ನಿಂತಿಲ್ಲ

"ತಪಸ್ಸುಕಾಲದ 40 ದಿನ ಮಾಂಸ, ಸಿಹಿ ಬಿಡ್ತೇನೆ, ಈಸ್ಟರ್ ಆದ ಕೂಡಲೇ ಎಲ್ಲ ಮೊದಲಿನ ಹಾಗೇ. ಏನು ಮಾಡಲಿ?" ಅಂತ ಕೇಳಿದ್ದೆ.

ಪೂರ್ತಿ ಬಿಡುವ ಹಟವನ್ನೇ ಬಿಟ್ಟೆ. ಭಾನುವಾರ ಪೂಜೆ ಮುಗಿಸಿ ಬಂದರೆ ಆರು ಸನ್ನಾ (ಇಡ್ಲಿಯಂಥದ್ದು) ತಿನ್ನುತ್ತಿದ್ದೆ, ಈಗ ಎರಡು. ಹಂದಿ ಬಫಾತ್ (ಹಂದಿಮಾಂಸದ ಮಸಾಲೆ ಸಾರು) ಶನಿವಾರವೇ ಆಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಬೆಳಿಗ್ಗೆ ಮೇಲೆ ಬೆಳ್ಳಗೆ ಕೊಬ್ಬು ಕಟ್ಟಿರುತ್ತದೆ, ಚಮಚದಲ್ಲಿ ತೆಗೆಯುತ್ತೇನೆ. ಅಮ್ಮನಿಗೆ ಸಿಟ್ಟು: "ರುಚಿಯೆಲ್ಲ ಅದರಲ್ಲೇ ಇರುವುದು ಮಾರಾಯಾ!" ನಿಜ, ಸ್ವಲ್ಪ ಸಪ್ಪೆಯೇ.

ಬೆಳಿಗ್ಗೆ ಕದ್ರಿ ಪಾರ್ಕಲ್ಲಿ ಜಪಸರ ಹಿಡಿದು ನಡೆಯುತ್ತೇನೆ. ಗಡಿಯಾರ ನೋಡುವುದಿಲ್ಲ, ಜಪಸರದ ಐದು ದಶಕ (ಹತ್ತು ಹತ್ತು ಮಣಿಗಳ ಐದು ಸುತ್ತು) ಮುಗಿದರೆ ಮನೆಗೆ. ಜೋರು ಮಳೆಗೆ ಎರಡು ವಾರ ತಪ್ಪಿತು. ಆದರೂ ಮೂರು ಕೆಜಿ ಇಳಿದಿದೆ.

ಸೆಪ್ಟೆಂಬರಿನ ಮೊಂತಿ ಫೆಸ್ತ್‌ಗೆ (ಮರಿಯಮ್ಮನವರ ಹುಟ್ಟುಹಬ್ಬ, ತೆನೆ ಹಬ್ಬ) ಹೇಗೂ ಸಸ್ಯಾಹಾರ, ಚಿಂತೆ ಇಲ್ಲ. ಡಿಸೆಂಬರಿನ ಕುಸ್ವಾರ್ (ಕ್ರಿಸ್ಮಸ್ ತಿಂಡಿಗಳು) ನೆನೆದರೆ ಮಾತ್ರ ಹೆದರಿಕೆ!