ಭೂಕಂಪ ಆದರೆ ಸೇನೆಯೇ ಯಾಕೆ ಬರಬೇಕು?

ಮಲೆನಾಡಿಗ:
ಮಗಳ ಪ್ರಾಜೆಕ್ಟ್‌ಗೆ 2015ರ ನೇಪಾಳ ಭೂಕಂಪದ ಬಗ್ಗೆ ಓದುತ್ತಿದ್ದೆ. ಏಪ್ರಿಲ್ 25ರ ಮಧ್ಯಾಹ್ನ ನೆಲ ನಡುಗಿತು, ಅವತ್ತೇ ನಮ್ಮ ವಾಯುಪಡೆಯ ವಿಮಾನ ಕಠ್ಮಂಡುವಿನಲ್ಲಿ ಇಳಿದಿತ್ತು. ಆಪರೇಷನ್ ಮೈತ್ರಿ ಅಂತ ಹೆಸರು. ಆದರೆ ಮೇ 4ರ ಹೊತ್ತಿಗೆ ನೇಪಾಳ ಸರ್ಕಾರ ಹೊರದೇಶದ ರಕ್ಷಣಾ ತಂಡಗಳಿಗೆಲ್ಲ 'ಇನ್ನು ಹೊರಡಿ' ಅಂದಿತು. ಸಹಾಯಕ್ಕೆ ಬಂದವರನ್ನು ಹೀಗೆ ಕಳಿಸುವುದಾ? ಅಷ್ಟಕ್ಕೂ ಈ ಕೆಲಸಕ್ಕೆ ಸೇನೆ ಬೇಕೇ ಬೇಕಾ?

ಹಳೇ ಫೌಜಿ:
ಬೇಕು ಸರ್. ಗೋರ್ಖಾ, ಸಿಂಧುಪಾಲ್ಚೋಕ್ ಜಿಲ್ಲೆಗಳ ಕಡೆ ಗುಡ್ಡ ಜರಿದು ರಸ್ತೆಯೇ ಮುಚ್ಚಿಹೋಗಿತ್ತು. ಅಲ್ಲಿಗೆ ಲಾರಿ ಹೋಗಲ್ಲ. ಅಕ್ಕಿ, ಟಾರ್ಪಾಲ್ ಇಳಿಸಿ, ವಾಪಸ್ ಬರುವಾಗ ಗಾಯಾಳುಗಳನ್ನು ಹಾಕಿಕೊಂಡು ಬರಬೇಕು ಅಂದರೆ ಹೆಲಿಕಾಪ್ಟರೇ ಗತಿ, ಅಷ್ಟೊಂದು ಹೆಲಿಕಾಪ್ಟರ್ ಸೇನೆ ಬಿಟ್ಟು ಇನ್ಯಾರ ಹತ್ತಿರ ಇರುತ್ತದೆ? ನಮ್ಮ ಬೆಂಗಳೂರಿನ ಎಚ್‌ಎಎಲ್‌ನ ಧ್ರುವ್ ಕೂಡ ಅಲ್ಲಿ ಹಾರಿತ್ತು.

ತುಂಗಾತೀರ:
ಒಪ್ಪಿದೆ, ಆದರೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಏನಾಗುತ್ತದೆ ಅಂತಲೂ ನೋಡಿ. ಕಠ್ಮಂಡುವಿನಲ್ಲಿ ಇರುವುದು ಒಂದೇ ರನ್‌ವೇ. ವಿಮಾನಗಳು ಮೇಲೇ ಸುತ್ತು ಹೊಡೆದು ಹೊಡೆದು ಕೆಲವು ವಾಪಸ್ ಹೋದವು. ಕೊನೆಗೆ ರನ್‌ವೇ ಹಾಳಾಗುತ್ತಿದೆ ಅಂತ 196 ಟನ್‌ಗಿಂತ ಜಾಸ್ತಿ ತೂಕದ ವಿಮಾನಗಳನ್ನು ನಿಲ್ಲಿಸಿದರು. ಬ್ರಿಟನ್ ಮೂರು ಚಿನೂಕ್ ಅನ್ನುವ ದೊಡ್ಡ ಹೆಲಿಕಾಪ್ಟರ್ ಕಳಿಸಿತ್ತು, ಅವು ಭಾರತದ ತನಕ ಬಂದು ಸುಮ್ನೆ ಕೂತವು. ಅದರ ಗಾಳಿಯ ರಭಸಕ್ಕೆ ಬಿರುಕು ಬಿಟ್ಟ ಮನೆಗಳು ಬೀಳುತ್ತವೆ ಅಂತ ನೇಪಾಳ ಒಳಗೆ ಬಿಡಲಿಲ್ಲ. ಮನೆ ಅವರದ್ದು, ಬೇಡ ಅನ್ನುವ ಹಕ್ಕೂ ಅವರದ್ದೇ ಅಲ್ವಾ?

ಗಂಜಿ ಉಪ್ಪಿನಕಾಯಿ:
'ಹೊರಡಿ' ಅಂದದ್ದರಲ್ಲಿ ಅವಮಾನ ಏನೂ ಇಲ್ಲ. ಅವಶೇಷದ ಕೆಳಗೆ ಜೀವ ಉಳಿದಿರುವವರು ಸಿಗುವುದು ಮೊದಲ ಎರಡು ಮೂರು ದಿನದಲ್ಲೇ ಜಾಸ್ತಿ, ಅದರಲ್ಲೂ ಮುಕ್ಕಾಲುಪಾಲು ಜನರನ್ನು ಅಕ್ಕಪಕ್ಕದ ಮನೆಯವರೇ ಕೈಯಲ್ಲಿ ಅಗೆದು ತೆಗೆದಿರುತ್ತಾರೆ. ಆಮೇಲೆ ಬೇಕಾಗುವುದು ಡೇರೆ, ಔಷಧಿ, ಮಳೆಗಾಲಕ್ಕೆ ಮುಂಚೆ ತಲೆ ಮೇಲೊಂದು ತಗಡು. ಹೆಲಿಕಾಪ್ಟರ್‌ಗಳು ಆಮೇಲೂ ಇದ್ದವು. ಮೇ 12ರಂದು ಮತ್ತೆ ದೊಡ್ಡದಾಗಿ ನಡುಗಿದ ದಿನ ಪರಿಹಾರಕ್ಕೆ ಹಾರಿದ್ದ ಅಮೆರಿಕದ ಹೆಲಿಕಾಪ್ಟರ್ ಬಿದ್ದು 13 ಜನ ಸತ್ತರು. ಅಲ್ಲಿನವರಿಗೆ ಸಿಟ್ಟು ಬಂದಿದ್ದು ನಮ್ಮ ಟಿವಿ ಚಾನೆಲ್‌ಗಳ ಮೇಲೆ, ಮನೆಯವರನ್ನು ಕಳಕೊಂಡವರ ಬಾಯಿಗೆ ಮೈಕ್ ಹಿಡಿದರೆ ಇನ್ನೇನಾಗುತ್ತದೆ!

ಇನ್ನೊಂದು ಮಾತು. ಕಿತ್ತಳೆ ಬಟ್ಟೆಯ ಎನ್‌ಡಿಆರ್‌ಎಫ್ (ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆ) ಸೇನೆ ಅಲ್ಲ, ಅದು ಗೃಹ ಸಚಿವಾಲಯದ ಕೈಕೆಳಗೆ ಬರುತ್ತದೆ.

ಮಲೆನಾಡಿಗ:
ಅಯ್ಯೋ, ಮಗಳ ಚಾರ್ಟ್‌ನಲ್ಲಿ ಆ ಕಿತ್ತಳೆ ಬಟ್ಟೆಯವರ ಫೋಟೋ ಕೆಳಗೇ 'ಭಾರತೀಯ ಸೇನೆ' ಅಂತ ಸ್ಕೆಚ್ ಪೆನ್ನಲ್ಲಿ ಬರೆದಾಗಿದೆ. ವೈಟ್ನರ್ ತರಬೇಕು.