ಪಾಶ್ಚರ್ ಪ್ರಯೋಗದ ನಂತರವೂ ನಿರ್ಜೀವದಿಂದ ಜೀವ ಹುಟ್ಟಿತೆನ್ನಬಹುದೇ?

ಪ್ರಶ್ನೆ:
ಜೀವವು ಜೀವದಿಂದಲೇ ಹುಟ್ಟುತ್ತದೆಂದು ಲೂಯಿ ಪಾಶ್ಚರ್ 1860ರ ಸುಮಾರಿಗೆ ತೋರಿಸಿಕೊಟ್ಟರೆಂದು ನಾವೆಲ್ಲ ಓದಿದ್ದೇವೆ. ಹಾಗಿದ್ದ ಮೇಲೆ ಮೊದಲ ಜೀವಕೋಶ ನಿರ್ಜೀವ ವಸ್ತುವಿನಿಂದ ಮೂಡಿತೆನ್ನುವುದು ವಿಜ್ಞಾನ ತನ್ನ ಮಾತನ್ನು ತಾನೇ ಅಲ್ಲಗಳೆದಂತಲ್ಲವೇ? ಸೃಷ್ಟಿವಾದಿಗಳು ಇದನ್ನೇ ಮುಂದಿಟ್ಟು ವಾದಿಸುತ್ತಾರೆ. ನಾನೂ ದೈವಭಕ್ತನೇ, ಆದರೆ ನಂಬಿಕೆಗೆ ದುರ್ಬಲ ವಾದದ ಆಸರೆ ಕೊಡಲು ಮನಸ್ಸಿಲ್ಲ.

ಉತ್ತರ 1:
ಪಾಶ್ಚರ್ ಮಾಡಿದ್ದೇನೆಂಬುದನ್ನು ಮೊದಲು ನೋಡೋಣ. ಹಂಸದ ಕೊರಳಿನಂತೆ ಬಾಗಿದ ಕೊಳವೆಯ ಗಾಜಿನ ಬುರುಡೆಯಲ್ಲಿ ಪೋಷಕ ದ್ರವವನ್ನು ಕುದಿಸಿಟ್ಟರು. ಗಾಳಿ ಒಳಗೆ ಹೋಗುತ್ತಿತ್ತು, ಧೂಳು ಮಾತ್ರ ಬಾಗಿನಲ್ಲೇ ಉಳಿಯುತ್ತಿತ್ತು, ದ್ರವ ತಿಳಿಯಾಗಿಯೇ ಇತ್ತು. ಕೊರಳನ್ನು ಮುರಿದ ಮೇಲೆ ಅದು ಕದಡಿತು. ಸೂಕ್ಷ್ಮಜೀವಿಗಳು ದ್ರವದಲ್ಲಿ ತಾವಾಗಿ ಉದ್ಭವಿಸುವುದಿಲ್ಲ, ಹೊರಗಿನಿಂದ ಬರುತ್ತವೆ ಎಂಬುದಷ್ಟೇ ಇದರಿಂದ ಸಿದ್ಧವಾಯಿತು. ಆಮ್ಲಜನಕವೇ ಇಲ್ಲದಂತಿದ್ದ ಆದಿಭೂಮಿಯಲ್ಲಿ, ಕೋಟ್ಯಂತರ ವರ್ಷಗಳಲ್ಲಿ, ಹಂತಹಂತವಾಗಿ ಏನು ನಡೆದಿರಬಹುದೆಂಬುದು ಆ ಪ್ರಯೋಗದ ವಿಷಯವೇ ಆಗಿರಲಿಲ್ಲ.

1953ರಲ್ಲಿ ಪ್ರಕಟವಾದ ಸ್ಟ್ಯಾನ್ಲಿ ಮಿಲ್ಲರ್ ಪ್ರಯೋಗದಲ್ಲಿ ಮೀಥೇನ್, ಅಮೋನಿಯ, ಜಲಜನಕ, ನೀರಾವಿಗಳ ನಡುವೆ ವಿದ್ಯುತ್ ಕಿಡಿ ಹಾಯಿಸಿದಾಗ ಗ್ಲೈಸಿನ್‌ನಂಥ ಅಮೈನೋ ಆಮ್ಲಗಳು (ಪ್ರೋಟೀನುಗಳ ಬಿಡಿಭಾಗಗಳು) ದೊರೆತವು. ಆದಿಭೂಮಿಯ ವಾತಾವರಣ ಬಹುಶಃ ಹಾಗಿರಲಿಲ್ಲವೆಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ 1969ರಲ್ಲಿ ಆಸ್ಟ್ರೇಲಿಯದ ಮರ್ಚಿಸನ್‌ನಲ್ಲಿ ಬಿದ್ದ ಉಲ್ಕಾಶಿಲೆಯಲ್ಲೂ ಅಮೈನೋ ಆಮ್ಲಗಳಿದ್ದವು. ನನ್ನ ಮಟ್ಟಿಗೆ ಇವೆರಡಕ್ಕಿಂತ ಬಲವಾದ ಸುಳಿವು ನಮ್ಮ ಜೀವಕೋಶಗಳಲ್ಲೇ ಇದೆ. ಡಿಎನ್‌ಎ ನಕಲಾಗಲು ಪ್ರೋಟೀನು ಬೇಕು, ಪ್ರೋಟೀನು ತಯಾರಾಗಲು ಡಿಎನ್‌ಎಯ ಮಾಹಿತಿ ಬೇಕು. ಹಾಗಾದರೆ ಮೊದಲು ಬಂದದ್ದು ಯಾವುದು? ಆರ್‌ಎನ್‌ಎ (ಡಿಎನ್‌ಎಯಂತೆ ಮಾಹಿತಿ ಹೊರಬಲ್ಲ ಅದರ ಬಂಧು ಅಣು) ತಾನೇ ಕಿಣ್ವದಂತೆ, ಎಂದರೆ ರಾಸಾಯನಿಕ ಕ್ರಿಯೆಗಳನ್ನು ನಡೆಸುವ ಪ್ರೋಟೀನಿನಂತೆ, ಕೆಲಸ ಮಾಡಬಲ್ಲದೆಂದು ಥಾಮಸ್ ಚೆಕ್ ಮತ್ತು ಸಿಡ್ನಿ ಆಲ್ಟ್‌ಮನ್ ಕಂಡುಹಿಡಿದು 1989ರಲ್ಲಿ ನೊಬೆಲ್ ಪಡೆದರು. ಇಂದಿಗೂ ಕೋಶದೊಳಗೆ ಪ್ರೋಟೀನು ತಯಾರಿಸುವ ರೈಬೋಸೋಮಿನಲ್ಲಿ ಅಮೈನೋ ಆಮ್ಲಗಳನ್ನು ಒಂದಕ್ಕೊಂದು ಬೆಸೆಯುವುದು ಪ್ರೋಟೀನಲ್ಲ, ಆರ್‌ಎನ್‌ಎ. ಆದ್ದರಿಂದ ಮೊದಲು ಬಂದದ್ದು ಆರ್‌ಎನ್‌ಎ ಇರಬಹುದೆಂಬುದು ಒಂದು ಊಹೆ.

ಉತ್ತರ 2:
ಇಷ್ಟಾದರೂ ಯಾವ ಪ್ರಯೋಗಾಲಯವೂ ಬರಿಯ ರಾಸಾಯನಿಕಗಳಿಂದ ಜೀವಂತ ಕೋಶವನ್ನು ರೂಪಿಸಿಲ್ಲ. ಮುಂದೊಂದು ದಿನ ತಿಳಿಯುತ್ತದೆ ಎನ್ನುವುದೂ ಒಂದು ನಂಬಿಕೆಯೇ ಅಲ್ಲವೇ?

ಉತ್ತರ 3:
ರೂಪಿಸಿಲ್ಲ, ನಿಜ, ಜೀವದ ಉಗಮ ಇನ್ನೂ ಬಿಡಿಸದ ಸಮಸ್ಯೆ. ಆದರೆ ಒಂದು ಪಕ್ಷ ಇನ್ನೂ ಉತ್ತರಿಸಿಲ್ಲವೆಂದ ಮಾತ್ರಕ್ಕೆ ಎದುರು ಪಕ್ಷ ತಾನಾಗಿ ಗೆದ್ದಂತಾಗುವುದಿಲ್ಲ. ಆರ್‌ಎನ್‌ಎ ಊಹೆಯನ್ನು ಸುಳ್ಳೆಂದು ತೋರಿಸಬಲ್ಲ ಪ್ರಯೋಗಗಳನ್ನು ಹೂಡಬಹುದು. ಸೃಷ್ಟಿಕರ್ತ ಬಯಸಿದಂತೆ ಆಯಿತೆಂಬ ವಿವರಣೆಯಾದರೋ ಯಾವ ಫಲಿತಾಂಶ ಬಂದರೂ ಹೊಂದಿಕೊಳ್ಳುತ್ತದೆ. ಅಮೆರಿಕದ ಡೋವರ್ ಶಾಲಾ ಮೊಕದ್ದಮೆಯಲ್ಲಿ 2005ರಲ್ಲಿ ಹೊರಬಿದ್ದ ತೀರ್ಪು ಬುದ್ಧಿವಂತ ವಿನ್ಯಾಸವಾದವನ್ನು (ಜೀವಿಗಳನ್ನು ಬುದ್ಧಿಯುಳ್ಳ ಕರ್ತೃವೊಬ್ಬ ರೂಪಿಸಿದನೆಂಬ ವಾದವನ್ನು) ವಿಜ್ಞಾನವಲ್ಲವೆಂದಿತೇ ಹೊರತು ದೇವರಿಲ್ಲವೆಂದು ಹೇಳಲಿಲ್ಲ.

ಇನ್ನೊಂದು ಮಾತು: ಮೊದಲ ಕೋಶ ಹೇಗೇ ಬಂದಿರಲಿ, ಆನಂತರದ ವಿಕಾಸಕ್ಕೆ ಪಳೆಯುಳಿಕೆಗಳ ಮತ್ತು ವಂಶವಾಹಿಗಳ ಸಾಕ್ಷ್ಯ ಬೇರೆಯಾಗಿಯೇ ಇದೆ. ಈ ಎರಡು ಪ್ರಶ್ನೆಗಳನ್ನು ಬೆರೆಸಿದಾಗಲೇ ಪಾಶ್ಚರ್ ಹೆಸರು ವಿಕಾಸವಾದದ ವಿರುದ್ಧ ಬಳಕೆಯಾಗುತ್ತದೆ. ಪ್ರಶ್ನೆ ಕೇಳಿದವರು ತಮ್ಮ ಭಕ್ತಿಯನ್ನು ಬಿಡಬೇಕಾಗಿಲ್ಲ, ಈ ವಾದವನ್ನು ಬಿಟ್ಟರೆ ಸಾಕು.